ಮೂರು ಚೀಲ, ಒಂದೇ ಪುಡಿ: ಪಿಒಪಿ, ಗೋಡೆ ಜಿಪ್ಸಂ, ಡೆಂಟಲ್ ಸ್ಟೋನ್ – ಯಾವುದು ಯಾವುದಕ್ಕೆ?

ಹಾರ್ಡ್‌ವೇರ್ ಅಂಗಡಿಯಲ್ಲಿ ಜಿಪ್ಸಂ ಬೇಕು ಎಂದರೆ ಎರಡು ಬಗೆಯ ಚೀಲ ತೋರಿಸುತ್ತಾರೆ. ಒಂದು ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಫಾಲ್ಸ್ ಸೀಲಿಂಗ್ ಮಾಡುವವರ ನಿತ್ಯದ ಸರಕು. ಇನ್ನೊಂದು ಸಿಮೆಂಟ್ ಗಾರೆಯ ಬದಲು ಒಳಗೋಡೆಗೆ ಬಳಿಯುವ ಜಿಪ್ಸಂ ಪ್ಲಾಸ್ಟರ್. ದಂತವೈದ್ಯರಿಗೆ ಸಾಮಾನು ಒದಗಿಸುವ ಅಂಗಡಿಯಲ್ಲಿ ಮೂರನೆಯದು ಸಿಗುತ್ತದೆ, ಡೆಂಟಲ್ ಸ್ಟೋನ್, ಕೆ.ಜಿ. ಲೆಕ್ಕದಲ್ಲಿ ಅದು ಮೊದಲಿನೆರಡಕ್ಕಿಂತ ಬಲು ದುಬಾರಿ. ಮೂರರೊಳಗೂ ಇರುವ ಮುಖ್ಯ ವಸ್ತು ಮಾತ್ರ ಒಂದೇ, ಜಿಪ್ಸಂನ ಎರಡು ಪಾಲು ನೀರಿನಲ್ಲಿ ಅರ್ಧ ಪಾಲು ಮಾತ್ರ ಉಳಿಸಿಕೊಂಡ ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಹೆಮಿಹೈಡ್ರೇಟ್. ಹಾಗಿದ್ದರೆ ಬೆಲೆಯ ಅಂತರ ಯಾತಕ್ಕೆ? ಕಲಸಿದ ಮೇಲೆ ಕೈಗೆ ಸಿಗುವ ನಿಮಿಷಗಳಿಗೆ, ಮತ್ತು ಕಲಸಲು ಬೇಕಾಗುವ ನೀರಿಗೆ. ಚೀಲದ ಮೇಲಿನ ಬಣ್ಣದ ಚಿತ್ರ ಬಿಟ್ಟು ಈ ಎರಡನ್ನು ನೋಡಿದರೆ ಯಾವುದನ್ನು ಎಲ್ಲಿಗೆ ಕೊಳ್ಳಬೇಕೆಂಬ ಗೊಂದಲ ಬಹುಪಾಲು ತೀರುತ್ತದೆ.

ನಾಲ್ಕನೆಯ ಚೀಲವೂ ಒಂದಿದೆ: ಶೇಂಗಾ ಬೆಳೆಗೂ ಚೌಳು ಮಣ್ಣಿಗೂ ಹಾಕುವ ಜಿಪ್ಸಂ. ಅಗ್ಗವಾಗಿದೆ ಎಂದು ಅದನ್ನು ಗೋಡೆಗೆ ತರಬೇಡಿ. ಅದು ಸುಡದ ಜಿಪ್ಸಂ; ನೀರು ಹಾಕಿ ರಾತ್ರಿಯಿಡೀ ಕಾದರೂ ಕೆಸರಾಗಿಯೇ ಕೂತಿರುತ್ತದೆ.

ನೆಲದಿಂದ ಅಗೆದ ಜಿಪ್ಸಂನಲ್ಲಿ ಪ್ರತಿ ಕ್ಯಾಲ್ಸಿಯಂ ಸಲ್ಫೇಟ್‌ಗೆ ಎರಡು ನೀರಿನ ಅಣು ಅಂಟಿಕೊಂಡಿರುತ್ತವೆ. ತೂಕದಲ್ಲಿ ಇದು ಶೇ. 21ರಷ್ಟು, ಕಲ್ಲಿನಂತೆ ಕಂಡರೂ ಐದರಲ್ಲಿ ಒಂದು ಪಾಲು ನೀರೇ. ನಮ್ಮ ದೇಶದ ಗಣಿ ಜಿಪ್ಸಂನ ಬಹುಭಾಗ ರಾಜಸ್ಥಾನದ್ದು; ಬಿಕಾನೇರ್, ನಾಗೌರ್ ಕಡೆಯಿಂದ ಬರುತ್ತದೆ. ಅದನ್ನು ಪುಡಿಮಾಡಿ 150ರಿಂದ 165 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹುರಿದರೆ ಒಂದೂವರೆ ಪಾಲು ನೀರು ಆವಿಯಾಗಿ ಅರ್ಧ ಪಾಲು ಉಳಿಯುತ್ತದೆ. 100 ಕೆ.ಜಿ. ಶುದ್ಧ ಜಿಪ್ಸಂ ಹುರಿದರೆ ಕೈಗೆ ಬರುವುದು ಸುಮಾರು 84 ಕೆ.ಜಿ. ಪುಡಿ. ಇಷ್ಟೇ ತಯಾರಿಕೆ, ಆದರೆ ಎಡವುವುದೂ ಇಲ್ಲೇ. ಹುರಿತ ಕಡಿಮೆಯಾದರೆ ಹಸಿ ಜಿಪ್ಸಂ ಕಣಗಳು ಉಳಿದು, ಕಲಸಿದ ಮೂರು ನಿಮಿಷಕ್ಕೇ ಪುಡಿ ಕೈಯಲ್ಲೇ ಕಲ್ಲಾಗುತ್ತದೆ. 200 ಡಿಗ್ರಿ ದಾಟಿದರೆ ಉಳಿದ ಅರ್ಧ ನೀರೂ ಹೋಗಿ, ಗಾಳಿಯ ತೇವವನ್ನೇ ಹೀರುವ ಚುರುಕು ಅನ್‌ಹೈಡ್ರೈಟ್ ಆಗುತ್ತದೆ. ಇನ್ನೂ ಮೇಲೆ, 600 ಡಿಗ್ರಿಯ ಸುಮಾರಿಗೆ, ಅದು ಸತ್ತ ಪುಡಿ. ನೀರು ಕಂಡರೂ ಏಳುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಬಿಸಿಯ ಮೇಲೆ ಹಿಡಿತವಿರುತ್ತದೆ. ತೆರೆದ ಬಾಣಲೆಯಲ್ಲಿ ಸೌದೆ ಉರಿಸಿ ಹುರಿದ ಪುಡಿಯಲ್ಲಿ ಈ ಮೂರೂ ಬಗೆ ಬೆರೆತಿರುವ ಸಾಧ್ಯತೆ ಹೆಚ್ಚು. ಒಂದೇ ಹೆಸರಿನ ಎರಡು ಚೀಲ ಎರಡು ಥರ ನಡೆದುಕೊಳ್ಳುವುದಕ್ಕೆ ಇದೇ ಕಾರಣ.

ಗಟ್ಟಿಯಾಗುವುದೆಂದರೆ ಒಣಗುವುದು ಎಂದೇ ಹಲವರ ತಿಳಿವಳಿಕೆ. ಹಾಗಲ್ಲ. ಬಿಟ್ಟುಹೋದ ನೀರನ್ನು ಪುಡಿ ಮರಳಿ ಕಟ್ಟಿಕೊಳ್ಳುವುದೇ ಗಟ್ಟಿಯಾಗುವುದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ 1765ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ ತನ್ನ ಮೊದಲ ಪ್ರಬಂಧದಲ್ಲೇ ಇದನ್ನು ತೋರಿಸಿದ್ದ. ಒಳಗೆ ನಡೆಯುವುದನ್ನು 1887ರಲ್ಲಿ ಅದೇ ದೇಶದ ರಸಾಯನಶಾಸ್ತ್ರಜ್ಞ ಲ ಶಾತೆಲಿಯೆ ಬಿಡಿಸಿ ಹೇಳಿದ. ನೀರಿಗೆ ಬಿದ್ದ ಪುಡಿ ಮೊದಲು ಕರಗುತ್ತದೆ. ಕೋಣೆಯ ಬಿಸಿಯಲ್ಲಿ ಒಂದು ಲೀಟರ್ ನೀರು ಸುಮಾರು 8 ಗ್ರಾಂ ಹೆಮಿಹೈಡ್ರೇಟ್ ಕರಗಿಸಿಕೊಳ್ಳಬಲ್ಲದು, ಜಿಪ್ಸಂ ಆದರೆ 2 ಗ್ರಾಂ ಚಿಲ್ಲರೆ ಅಷ್ಟೇ. ಹೀಗಾಗಿ ಕರಗಿದ್ದು ಕರಗಿದಂತೆ ಇರಲಾರದೆ ಸೂಜಿಯಂಥ ಜಿಪ್ಸಂ ಹರಳಾಗಿ ಹೊರಬೀಳುತ್ತದೆ. ತೆರವಾದ ಜಾಗಕ್ಕೆ ಇನ್ನಷ್ಟು ಪುಡಿ ಕರಗುತ್ತದೆ. ಲಕ್ಷಾಂತರ ಸೂಜಿಗಳು ಒಂದಕ್ಕೊಂದು ಹೆಣೆದುಕೊಂಡಾಗ ಗಂಜಿ ಕಲ್ಲಾಗುತ್ತದೆ, ಬಿಸಿಯೂ ಬಿಡುತ್ತದೆ. ಸೂಜಿಗಳು ಬೆಳೆಯುತ್ತ ಅಕ್ಕಪಕ್ಕ ತಳ್ಳುವುದರಿಂದ ಪ್ಲಾಸ್ಟರ್ ಕುಗ್ಗುವ ಬದಲು ಶೇ. 0.2–0.3ರಷ್ಟು ಹಿಗ್ಗುತ್ತದೆ. ಅಚ್ಚಿನ ಸಣ್ಣ ಗೆರೆಯೂ ಎರಕದಲ್ಲಿ ಮೂಡಲು, ಸಿಮೆಂಟ್ ಗಾರೆಯ ಕೂದಲೆಳೆ ಬಿರುಕು ಜಿಪ್ಸಂ ಗೋಡೆಯಲ್ಲಿ ಕಾಣದಿರಲು ಇದೇ ಕಾರಣ.

ಇನ್ನು ನೀರಿನ ಲೆಕ್ಕ. 25 ಕೆ.ಜಿ. ಚೀಲದ ಪುಡಿ ಪೂರ್ತಿ ಜಿಪ್ಸಂ ಆಗಲು ರಾಸಾಯನಿಕವಾಗಿ ಬೇಕಾದ್ದು 4.65 ಲೀಟರ್ ನೀರು ಮಾತ್ರ. ಅಷ್ಟರಲ್ಲಿ ಕಲಸಿದರೆ ಅದು ಒದ್ದೆ ಹಿಟ್ಟಿನಂತಿರುತ್ತದೆ. ಕರಣೆಗೆ ಬರಬೇಕಾದರೆ 16 ಲೀಟರ್ ಆದರೂ ಬೇಕು. ಹೆಚ್ಚಿನ 11 ಲೀಟರ್ ಚಿಲ್ಲರೆ ಕೆಲಸ ಮುಗಿದ ಮೇಲೆ ಗೋಡೆಯಿಂದ ಆವಿಯಾಗಿ ಹೋಗಲೇಬೇಕು, ಹೋದ ಜಾಗದಲ್ಲಿ ತೂತು ಉಳಿಯುತ್ತದೆ. ನೀರು ಹೆಚ್ಚಿದಷ್ಟೂ ತೂತು, ತೂತು ಹೆಚ್ಚಿದಷ್ಟೂ ದುರ್ಬಲ. ಹೆಚ್ಚು ನೀರು ಸುರಿದು ತೆಳ್ಳಗೆ ಕಲಸುವ ಕೆಲಸಗಾರ ಚೀಲ ಉಳಿಸುತ್ತಾನೆ; ಆದರೆ ಉಗುರಲ್ಲಿ ಕೆರೆದರೆ ಪುಡಿಯಾಗುವ ಗೋಡೆ ನಿಮಗೆ ಉಳಿಯುತ್ತದೆ.

ಡೆಂಟಲ್ ಸ್ಟೋನ್ ದುಬಾರಿಯಾಗಿರುವುದು ಈ ಲೆಕ್ಕದಲ್ಲೇ. ಜಿಪ್ಸಂ ಅನ್ನು ಒಣ ಬಾಣಲೆಯಲ್ಲಿ ಹುರಿಯದೆ, ಒತ್ತಡದ ಪಾತ್ರೆಯಲ್ಲಿ ಹಬೆಯ ನಡುವೆ ಬೇಯಿಸಿದರೆ ಹರಳುಗಳು ದಪ್ಪಗೆ, ನುಣುಪಾಗಿ ಬರುತ್ತವೆ. ಅವಕ್ಕೆ ನೀರಿನ ಹಸಿವು ಕಡಿಮೆ: 100 ಗ್ರಾಂಗೆ 28–30 ಮಿ.ಲೀ. ಸಾಕು. ಸಾದಾ ಡೆಂಟಲ್ ಪ್ಲಾಸ್ಟರ್‌ಗೆ 45–50, ಅಂಗಡಿಯ ಪಿಒಪಿಗೆ 65–70. ಅಂತರರಾಷ್ಟ್ರೀಯ ಮಾನದಂಡ ಒಂದು ಗಂಟೆಯ ಬಳಿಕ ಕೇಳುವ ಕನಿಷ್ಠ ಗಟ್ಟಿತನ (ಒತ್ತಡ ತಾಳುವ ಶಕ್ತಿ) ಪ್ಲಾಸ್ಟರ್‌ಗೆ 9, ಸ್ಟೋನ್‌ಗೆ 20, ಅದಕ್ಕಿಂತ ಗಟ್ಟಿ ಬಗೆಯಾದ ಡೈ ಸ್ಟೋನ್‌ಗೆ 35 ಮೆಗಾಪಾಸ್ಕಲ್. ನಮ್ಮಲ್ಲಿ ಕಲ್‌ಡೆಂಟ್, ಕಲ್‌ಸ್ಟೋನ್, ಕಲ್‌ರಾಕ್ ಎಂಬ ಹೆಸರುಗಳು ಇದೇ ಮೂರು ಮೆಟ್ಟಿಲು. ಸಣ್ಣ ವಿಗ್ರಹದ ಮೂಲ ಅಚ್ಚು, ಒಡವೆ ಮಾದರಿ, ಬೆರಳುಗುರುತಿನಷ್ಟು ಸೂಕ್ಷ್ಮ ಎರಕ ಬೇಕಿದ್ದವರು ಸ್ಟೋನ್‌ಗೆ ದುಡ್ಡು ಕೊಡಲಿ, ದಂಡವಲ್ಲ. ಆದರೆ ಅಳತೆ ಮೀರಿ ನೀರು ಹಾಕಿದ ಸ್ಟೋನ್ ಪಿಒಪಿಯಷ್ಟೇ ಮೆತ್ತಗೆ. ತಕ್ಕಡಿ ಇಲ್ಲದವರು ಅದನ್ನು ಕೊಳ್ಳದಿರುವುದೇ ಲೇಸು.

ಪಿಒಪಿ ಚೀಲದ ಗುಣ ವೇಗ, ದೋಷವೂ ವೇಗವೇ. ಒಂದು ಕೆ.ಜಿ. ಪುಡಿಗೆ 650–700 ಮಿ.ಲೀ. ನೀರು ಹಾಕಿ ಕಲಸಿದರೆ 5ರಿಂದ 10 ನಿಮಿಷದಲ್ಲಿ ಬಿಗಿಯತೊಡಗಿ ಅರ್ಧ ಗಂಟೆಯೊಳಗೆ ಪೂರ್ತಿ ಹಿಡಿಯುತ್ತದೆ. ಸೀಲಿಂಗ್ ಅಂಚಿನ ಕಾರ್ನಿಸ್ ಎಳೆಯಲು, ಅಚ್ಚಿನಲ್ಲಿ ಹೂಬಳ್ಳಿ ಎರೆಯಲು, ಸಂದು ತುಂಬಲು ಇದಕ್ಕಿಂತ ಅಗ್ಗದ, ಒಳ್ಳೆಯ ವಸ್ತು ಇಲ್ಲ. ಇಡೀ ಗೋಡೆ ಬಳಿಯಲು ಮಾತ್ರ ಬೇಡ. ಹತ್ತು ಚದರಡಿ ಮಟ್ಟ ಮಾಡುವಷ್ಟರಲ್ಲಿ ಬಕೆಟ್ಟಿನಲ್ಲಿರುವುದು ಕಲ್ಲು. ಹೀಗಾದಾಗ ಕೆಲಸದವರು ಎರಡು ತಪ್ಪು ಮಾಡುತ್ತಾರೆ. ಬಿಗಿಯುತ್ತಿರುವ ಗಂಜಿಗೆ ಮತ್ತೆ ನೀರು ಹಾಕಿ ತಿರುವುವುದು ಮೊದಲನೆಯದು. ಹೆಣೆದುಕೊಳ್ಳುತ್ತಿದ್ದ ಸೂಜಿಗಳು ಮುರಿದ ಮೇಲೆ ಮತ್ತೆ ಕೂಡುವುದಿಲ್ಲ. ಅಂಥದ್ದನ್ನು ಬಳಿದರೆ ಒಣಗಿದ ಮೇಲೆ ಉದುರುತ್ತದೆ. ಎರಡನೆಯದು ನಿಂಬೆ ಉಪ್ಪು. ಸಿಟ್ರಿಕ್ ಆಮ್ಲ ವೇಗ ತಗ್ಗಿಸುತ್ತದೆ, ನಿಜ. 25 ಕೆ.ಜಿ.ಗೆ 10 ಗ್ರಾಂ ಎಂದರೆ ಶೇ. 0.04, ಅಷ್ಟಕ್ಕೇ ಸಮಯ ಗಣನೀಯವಾಗಿ ಹಿಗ್ಗುತ್ತದೆ. ಕಣ್ಣಂದಾಜಿನ ಒಂದು ಹಿಡಿ ಹಾಕಿದರೆ ಉದ್ದ ಸೂಜಿಗಳ ಬದಲು ಮೊಂಡು ಹರಳು ಬೆಳೆದು, ಹೆಣಿಗೆ ಸಡಿಲವಾಗುತ್ತದೆ. ಅಡುಗೆ ಉಪ್ಪು ಹಾಕುವವರೂ ಇದ್ದಾರೆ. ಅಲ್ಪ ಪ್ರಮಾಣದ ಉಪ್ಪು ವೇಗ ತಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ. ಮೇಲಾಗಿ ಮೊಳೆಗೆ ತುಕ್ಕು, ಗೋಡೆಗೆ ಉಪ್ಪಿನ ಬಿಳಿ ಹೂವು.

ಬೇಗ ಗಟ್ಟಿಯಾಗಬೇಕೆನ್ನುವವರಿಗೆ ಉಪ್ಪಿಗಿಂತ ಒಳ್ಳೆಯ ಉಪಾಯವೆಂದರೆ ಹಳೆಯ ಎರಕದ ಚೂರನ್ನು ನುಣ್ಣಗೆ ಅರೆದು ಒಂದು ಚಿಟಿಕೆ ಸೇರಿಸುವುದು. ಅದು ಸಿದ್ಧ ಜಿಪ್ಸಂ ಹರಳು, ಹೊಸ ಸೂಜಿಗಳಿಗೆ ಬೀಜ. ತೊಳೆಯದ ಬಕೆಟ್ಟಿನಲ್ಲಿ ಕಲಸಿದ ಎರಡನೇ ಗಂಜಿ ಮೊದಲಿನದಕ್ಕಿಂತ ಬೇಗ ಹಿಡಿಯುವ ಮರ್ಮವೂ ಇದೇ. ಚೀಲವನ್ನು ದೂರುವ ಮೊದಲು ಬಕೆಟ್ ನೋಡಿ. ನೀರಿನ ಬಿಸಿಯೂ ಲೆಕ್ಕಕ್ಕೆ ಬರುತ್ತದೆ: ಮೈಬಿಸಿಯಷ್ಟಿದ್ದರೆ ಅತಿ ಬೇಗ, ಕುದಿಯುವ ನೀರಲ್ಲಿ ಕಲಸಿದರೆ ಹಿಡಿಯುವುದೇ ಇಲ್ಲ, ಅಷ್ಟು ಬಿಸಿಯಲ್ಲಿ ಹೆಮಿಹೈಡ್ರೇಟ್ ಮತ್ತು ಜಿಪ್ಸಂ ಹೆಚ್ಚುಕಡಿಮೆ ಸಮವಾಗಿ ಕರಗುತ್ತವೆ.

ಈಗ ಗೋಡೆ ಜಿಪ್ಸಂ, ಮನೆ ಕಟ್ಟಿಸುವವರು ಹೆಚ್ಚು ದುಡ್ಡು ಸುರಿಯುವ ಚೀಲ. ಪಿಒಪಿಯ ಪುಡಿಗೆ ಬಿಗಿಯುವ ವೇಗ ತಗ್ಗಿಸುವ, ಕಾರ್ಖಾನೆಯಲ್ಲೇ ತೂಗಿದ ತಡೆಗಾರ, ನೀರು ಹಿಡಿದಿಡುವ ಸೆಲ್ಯುಲೋಸ್ ಅಂಟು, ಕೆಲವದರಲ್ಲಿ ಹಗುರ ಮಾಡಲು ಪರ್ಲೈಟ್ ಬೆರೆಸಿರುತ್ತಾರೆ. ಕೈಗೆ 25–30 ನಿಮಿಷ ಸಿಗುತ್ತದೆ. ಭಾರತೀಯ ಮಾನದಂಡ ಐಎಸ್ 2547; ಒಂದನೇ ಭಾಗ ಸಾದಾ ಪ್ಲಾಸ್ಟರ್‌ಗೆ, ಎರಡನೆಯದು ಹಗುರ ಮಿಶ್ರಣಕ್ಕೆ. ಚೀಲದ ಮೇಲೆ ಈ ಸಂಖ್ಯೆ, ತಯಾರಾದ ತಿಂಗಳು, ನೀರಿನ ಅಳತೆ ಮೂರೂ ಇಲ್ಲದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಕಲಸುವ ಕ್ರಮದಲ್ಲಿ ರಾಜಿ ಬೇಡ. ಶುದ್ಧ ಟಬ್ಬಿಗೆ ಮೊದಲು ನೀರು, ಆಮೇಲೆ ಪುಡಿ. ತಿರುವುಮುರುವು ಮಾಡಿದರೆ ತಳದಲ್ಲಿ ಗಂಟು. ಅರ್ಧ ಚೀಲಕ್ಕೆ 8 ಲೀಟರ್ ಅಳೆದು ಸುರಿದು, ಪುಡಿಯನ್ನು ಉದುರಿಸುತ್ತ ಹೋಗಿ, ಎರಡು ನಿಮಿಷ ನೆನೆಯಲು ಬಿಡಿ. ಬಳಿಕ ಡ್ರಿಲ್‌ಗೆ ಸಿಕ್ಕಿಸಿದ ಕಲಸುಕಡ್ಡಿಯನ್ನು ನಿಧಾನ ವೇಗದಲ್ಲಿ ಎರಡು–ಮೂರು ನಿಮಿಷ ಓಡಿಸಿ. ಇನ್ನೂ ನುಣುಪಾಗಲಿ ಎಂದು ತಿರುವುತ್ತಲೇ ಇದ್ದರೆ ಮೊದಲ ಹರಳುಗಳು ಮುರಿದು ಬೀಜಗಳ ಸಂಖ್ಯೆ ಹೆಚ್ಚಿ, ಸಿಗಬೇಕಾದ ಅರ್ಧ ಗಂಟೆ ಹತ್ತು ನಿಮಿಷಕ್ಕೆ ಇಳಿಯಬಹುದು.

ಗೋಡೆಯಲ್ಲಿ ಮೊದಲು ತೂಗುಗುಂಡು ಇಳಿಬಿಟ್ಟು ಬುಲ್‌ಮಾರ್ಕ್ (ದಪ್ಪ, ಮಟ್ಟ ತೋರುವ ಗುರುತು) ಇಡಬೇಕು. ಅದಿಲ್ಲದೆ ಕಣ್ಣಂದಾಜಿನಲ್ಲಿ ಬಳಿದರೆ ನುಣುಪು ಬರುತ್ತದೆ, ಮಟ್ಟ ಬರುವುದಿಲ್ಲ. ಸಂಜೆ ದೀಪ ಹಾಕಿದಾಗ ಅಲೆ ಕಾಣಿಸುತ್ತದೆ. ಬಳಿದದ್ದನ್ನು ಅಲ್ಯುಮಿನಿಯಂ ಪಟ್ಟಿಯಲ್ಲಿ ಎಳೆದು, ಹೆಬ್ಬೆರಳು ಒತ್ತಿದರೆ ಮಸುಕಾಗಿ ಗುರುತು ಮೂಡುವ ಹೊತ್ತಿಗೆ ಕೊನೆಯ ತಿಳಿಗಂಜಿ ಸವರಿ ಉಕ್ಕಿನ ಕರಣೆಯಿಂದ ಉಜ್ಜಬೇಕು. ಸಾಮಾನ್ಯ ದಪ್ಪ 11–13 ಮಿ.ಮೀ. ಗೋಡೆ 30 ಮಿ.ಮೀ. ಓರೆಯಿದ್ದರೆ ಜಿಪ್ಸಂನಲ್ಲೇ ತುಂಬಿಸುವುದು ದುಬಾರಿ, ಜಾರುವ ಭಯವೂ ಇದೆ; ಮೊದಲು ಸಿಮೆಂಟ್ ಗಾರೆಯಲ್ಲಿ ಸರಿಪಡಿಸಿ, ಒಣಗಿಸಿ, ಆಮೇಲೆ ಇದು. ನುಣುಪಾದ ಕಾಂಕ್ರೀಟ್ ಕಂಬ, ಬೀಮ್, ಸೀಲಿಂಗ್‌ಗೆ ಬಾಂಡಿಂಗ್ ದ್ರವ ಸವರದೆ ಬಳಿದದ್ದು ತಟ್ಟಿದರೆ ಡಬಡಬ ಎನ್ನುತ್ತದೆ, ಒಂದು ದಿನ ಹಾಳೆಯಂತೆ ಕಳಚುತ್ತದೆ. ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಇಟ್ಟಿಗೆ) ಗೋಡೆ ಇದಕ್ಕೆ ವಿರುದ್ಧ. ಅದು ನೀರು ಕುಡಿಯುವ ಗೋಡೆ, ಮೊದಲೇ ತೇವ ಮಾಡಿಕೊಳ್ಳಬೇಕು.

ಸಿಮೆಂಟ್ ಕೆಲಸಕ್ಕೆ ಕೈ ಪಳಗಿದ ಮೇಸ್ತ್ರಿ ಮಾಡುವ ದೊಡ್ಡ ತಪ್ಪು ಮರುದಿನ ಪೈಪ್ ಹಿಡಿದು ನೀರು ಹೊಡೆಯುವುದು. ಜಿಪ್ಸಂಗೆ ಕ್ಯೂರಿಂಗ್ ಇಲ್ಲ. ಅದಕ್ಕೆ ಬೇಕಾದ ನೀರು ಕಲಸುವಾಗಲೇ ಮೂರು ಪಟ್ಟು ಸೇರಿದೆ. ಒದ್ದೆಯಿದ್ದಷ್ಟು ದಿನ ಅದರ ಶಕ್ತಿ ಒಣಗಿದಾಗಿನ ಅರ್ಧದಷ್ಟೇ. ಒಂದೇ ಒಂದು ಅಪವಾದ: ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಗಾಳಿಯಲ್ಲಿ, ಹರಳು ಕಟ್ಟುವ ಮೊದಲೇ ತೆಳು ಪದರದ ನೀರು ಹಾರಿಹೋಗಿ ಮೇಲ್ಮೈ ಹಿಟ್ಟಿನಂತಾಗುತ್ತದೆ. ಅದು ಗಟ್ಟಿಯಾಗದೆ ಒಣಗಿದ ಪುಡಿ. ಕಿಟಕಿಗೆ ಗೋಣಿ ಕಟ್ಟಿ ಮೊದಲ ಎರಡು ಗಂಟೆ ಗಾಳಿ ತಡೆದರೆ ಇದಾಗದು; ಆಗಿಬಿಟ್ಟಿದ್ದರೆ ನೀರನ್ನು ಹನಿಹನಿಯಾಗಿ ಸಿಂಪಡಿಸಿ ಎಬ್ಬಿಸಿ ನೋಡಬಹುದು, ಏಳದಿದ್ದರೆ ಕೆರೆದು ತೆಗೆಯಬೇಕು.

ಸಿಮೆಂಟನ್ನು ಜಿಪ್ಸಂಗೆ ಬೆರೆಸಿದರೆ ಗಟ್ಟಿ ಎಂಬ ನಂಬಿಕೆ ಬಿಡಿ. ಸಿಮೆಂಟ್ ತಯಾರಿಸುವಾಗ ಸೇರಿಸುವ ಶೇ. 3–5ರಷ್ಟು ಜಿಪ್ಸಂ ಬೇರೆ ವಿಷಯ. ಅದು ಸಿಮೆಂಟಿನ ಅವಸರ ತಡೆಯುವುದಕ್ಕೆ. ಬಕೆಟ್ಟಿನಲ್ಲಿ ಎರಡನ್ನೂ ಮನಬಂದಂತೆ ಬೆರೆಸಿದರೆ ಸಿಮೆಂಟಿನ ಅಲ್ಯುಮಿನೇಟ್ ಜಿಪ್ಸಂನ ಸಲ್ಫೇಟಿನೊಡನೆ ಕೂಡಿ ಎಟ್ರಿಂಗೈಟ್ ಎಂಬ ಹರಳು ತಡವಾಗಿ ಉಬ್ಬುತ್ತದೆ. ತೇವ ಸಿಕ್ಕ ಕಡೆ ಪದರ ಎದ್ದು ಬರುತ್ತದೆ. ಬರಿ ಕಬ್ಬಿಣದ ಮೊಳೆಯೂ ಬೇಡ. ಸಿಮೆಂಟಿನಂತೆ ಜಿಪ್ಸಂ ಕ್ಷಾರವಲ್ಲ, ತುಕ್ಕಿನಿಂದ ಕಾಯುವುದಿಲ್ಲ. ಮೂಲೆಪಟ್ಟಿಯಾಗಲಿ ಜಾಲರಿಯಾಗಲಿ ಸತು ಲೇಪಿಸಿದ್ದೇ ಇರಲಿ.

ಬಣ್ಣ ಯಾವಾಗ? 100 ಚದರಡಿ ಗೋಡೆಗೆ 13 ಮಿ.ಮೀ. ದಪ್ಪದಲ್ಲಿ ಐದು ಚೀಲ ಎಂದಿಟ್ಟುಕೊಳ್ಳಿ. ಆವಿಯಾಗಬೇಕಾದ ನೀರು 56 ಲೀಟರ್‌ಗೂ ಹೆಚ್ಚು, ಮೂರು ಕೊಡಕ್ಕೂ ಮಿಗಿಲು. ಮೂರು ದಿನಕ್ಕೆ ಬಣ್ಣ ಹೊಡೆಯಬಹುದು ಎಂಬ ಮಾತು ಒಣ ಹವೆಗೆ, ತೆರೆದ ಕಿಟಕಿಗೆ ಹೊಂದಬಹುದು. ಕರಾವಳಿ, ಮಲೆನಾಡಿನ ಜುಲೈನಲ್ಲಿ ಎರಡು–ಮೂರು ವಾರ ಕಾಯಿರಿ. ಅವಸರಕ್ಕೆ ಬಿದ್ದರೆ ನೀರು ಬಣ್ಣದ ಹಿಂದೆ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಆದರೂ ಸಿಮೆಂಟ್ ಗಾರೆಯ ಏಳು ದಿನದ ಕ್ಯೂರಿಂಗ್, ಅದು ಒಣಗುವ ವಾರಗಳು, ಮೇಲೆ ಎರಡು ಕೈ ಪುಟ್ಟಿ ಇವನ್ನೆಲ್ಲ ಕೂಡಿಸಿದರೆ ಒಳಗೋಡೆಗೆ ಜಿಪ್ಸಂ ಮುಂದಿದೆ ಎನ್ನಲು ನಮಗೆ ಅನುಮಾನವಿಲ್ಲ.

ಸ್ನಾನದಮನೆ, ಬಚ್ಚಲು, ಬಟ್ಟೆ ಒಗೆಯುವ ಜಾಗ, ಹೊರಗೋಡೆ, ತೇವ ಏರುವ ನೆಲದಂಚು: ಇಲ್ಲಿ ಬೇಡ. ತೇವ ನಿರೋಧಕ ಎಂದು ಮಾರುವ ಚೀಲವೂ ತೇವದ ಗಾಳಿಯನ್ನು ತಾಳಬಹುದು, ಸುರಿಯುವ ನೀರನ್ನಲ್ಲ. ಲೀಟರಿಗೆ ಎರಡು ಗ್ರಾಂ ಕರಗುವ ವಸ್ತುವಿನ ಮೇಲೆ ನಿತ್ಯ ನೀರು ಹರಿದರೆ ಏನಾದೀತೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ಅದೇ ವಸ್ತು ಕೆರೆಗೆ ಬಿದ್ದರೆ ಬೇಗ ಮಾಯವಾಗುತ್ತದೆಯೇ ಅಂದರೆ ಅದೂ ಇಲ್ಲ: 5 ಕೆ.ಜಿ. ತೂಕದ ಪಿಒಪಿ ಗಣೇಶ ಪೂರ್ತಿ ಕರಗಲು ಎರಡು ಸಾವಿರ ಲೀಟರಿಗೂ ಹೆಚ್ಚು ಹೊಸ ನೀರು ಬೇಕು, ಕರಗಿದ್ದು ನೀರಿನ ಗಡಸುತನವಾಗಿ ಉಳಿಯುತ್ತದೆ. ಬೆಂಕಿಯ ಎದುರು ಮಾತ್ರ ಈ ನೀರೇ ವರ. ಮೇಲೆ ಹೇಳಿದ ಐದು ಚೀಲದ ಗೋಡೆ ಒಣಗಿದ ಮೇಲೂ ಹರಳಿನೊಳಗೆ ಸುಮಾರು 31 ಲೀಟರ್ ನೀರು ಹೊತ್ತಿರುತ್ತದೆ. ಅದೆಲ್ಲ ಆವಿಯಾಗುವವರೆಗೆ ಗೋಡೆಯ ಹಿಂಬದಿಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ತಡೆದು ನಿಲ್ಲುತ್ತದೆ.

ಚೀಲ ಒಳ್ಳೆಯದೇ ಎಂದು ನೋಡಲು ಪ್ರಯೋಗಾಲಯ ಬೇಡ. 100 ಗ್ರಾಂ ಪುಡಿ, ಪಿಒಪಿಯಾದರೆ 70 ಮಿ.ಲೀ., ಗೋಡೆ ಜಿಪ್ಸಂ ಆದರೆ 65 ಮಿ.ಲೀ. ನೀರು, ಒಂದು ಲೋಟ, ಒಂದು ಗಾಜಿನ ತುಂಡು, ಗಡಿಯಾರ. ಅರ್ಧ ನಿಮಿಷ ಉದುರಿಸಿ, ಒಂದು ನಿಮಿಷ ನೆನೆಸಿ, ಒಂದು ನಿಮಿಷ ಕಲಸಿ ಗಾಜಿನ ಮೇಲೆ ರೊಟ್ಟಿಯಂತೆ ಸುರಿಯಿರಿ. ಆಗಾಗ ಚಾಕುವಿನಿಂದ ಗೀರಿ. ಗೀರು ಮತ್ತೆ ಕೂಡದಿದ್ದಾಗ ಬಿಗಿತ ಶುರು. ಹೆಬ್ಬೆರಳು ಬಲವಾಗಿ ಒತ್ತಿದರೂ ಗುರುತು ಬೀಳದಿದ್ದಾಗ ಮುಗಿಯಿತು; ಆ ಹೊತ್ತಿಗೆ ಮುಟ್ಟಿದರೆ ಬೆಚ್ಚಗಿರಬೇಕು. ಮೂರು ನಿಮಿಷಕ್ಕೇ ಹಿಡಿದರೆ ಅರೆಹುರಿದದ್ದು, ಇಲ್ಲವೇ ತೇವ ತಾಗಿದ್ದು. ಎರಡು ಗಂಟೆಯಾದರೂ ತಣ್ಣಗೆ, ಮೆತ್ತಗಿದ್ದರೆ ಹಳತು, ಅತಿ ಸುಟ್ಟದ್ದು, ಅಥವಾ ತಡೆಗಾರ ಮಿತಿಮೀರಿದ್ದು. ಪಿಒಪಿ ಪುಡಿಯ ಮೇಲೆ ನಿಂಬೆರಸ ಹಿಂಡಿ ನೋಡಿ. ಭುಸ್ಸೆಂದು ನೊರೆ ಬಂದರೆ ಸುಣ್ಣಕಲ್ಲಿನ ಪುಡಿ ಧಾರಾಳವಾಗಿ ಬೆರೆತಿದೆ. ಎರಡು–ಮೂರು ಗುಳ್ಳೆ ಬಂದರೆ ಚಿಂತೆಯಿಲ್ಲ, ಗಣಿ ಜಿಪ್ಸಂನಲ್ಲೂ ಅಷ್ಟು ಸುಣ್ಣಕಲ್ಲು ಇರುತ್ತದೆ.

ಮಕ್ಕಳಿಗೆ ಇದನ್ನು ಶಾಲೆಯಲ್ಲಿ ತೋರಿಸುವವರಿಗೆ ಒಂದು ಮಾತು: ಕೈಯಚ್ಚು ತೆಗೆಯಲೆಂದು ಗಂಜಿಯೊಳಗೆ ಕೈ ಅದ್ದಿಸಬೇಡಿ. ದಪ್ಪ ಗಡ್ಡೆ ಹಿಡಿಯುವಾಗ ಬಿಸಿ 60 ಡಿಗ್ರಿ ಮುಟ್ಟಬಹುದು, ಕೈ ಹೊರಗೂ ಬಾರದು. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಷೈರ್‌ನಲ್ಲಿ ವಿದ್ಯಾರ್ಥಿನಿಯೊಬ್ಬಳು ಹೀಗೆ ಸುಟ್ಟುಕೊಂಡು ಬೆರಳುಗಳನ್ನೇ ಕಳೆದುಕೊಂಡಳು.

ಗುತ್ತಿಗೆ ಕೊಡುವವರು ಚದರಡಿ ದರದ ಜೊತೆ ದಪ್ಪವನ್ನೂ ಬರೆಸಿಕೊಳ್ಳಿ. 25 ಕೆ.ಜಿ. ಪುಡಿಗೆ 16 ಲೀಟರ್ ನೀರು ಸೇರಿದರೆ ಸುಮಾರು 25 ಲೀಟರ್ ಗಂಜಿ, 13 ಮಿ.ಮೀ. ದಪ್ಪಕ್ಕೆ ಅದು 20–21 ಚದರಡಿ ಮುಚ್ಚುತ್ತದೆ, ಉದುರಿ ಹೋಗುವುದನ್ನು ಕಳೆದರೆ 18–20. ಸಾವಿರ ಚದರಡಿಗೆ 50 ಖಾಲಿ ಚೀಲ ಮೂಲೆಯಲ್ಲಿ ಬಿದ್ದಿರಬೇಕು. 35 ಮಾತ್ರ ಇದ್ದರೆ ಗೋಡೆ ತೆಳುವಾಗಿದೆ, ಇಲ್ಲವೇ ನೀರು ಹೆಚ್ಚಾಗಿದೆ. ಉಳಿದ ಅರ್ಧ ಚೀಲವನ್ನು ಬಾಯಿ ಕಟ್ಟಿ ಹಲಗೆಯ ಮೇಲಿಡಿ. ನೆಲದ ಮೇಲೆ ಒಂದು ಮಳೆಗಾಲ ಕಳೆದ ಚೀಲ ಮುಂದಿನ ದುರಸ್ತಿಗೆ ಬರುವುದಿಲ್ಲ.